ಕಿರುಗೇಟಿನ ದಾರಿ

ನಮ್ಮ ಮನೆಗೆ ಇದ್ದದ್ದು ಒಂದೇ ಬಾಗಿಲು. ಎಮ್ಮೆ, ಅಪ್ಪನ ಸೈಕಲ್ಲು, ನಾವು, ಎಲ್ಲರೂ ಒಳಗೆ ಬರುತ್ತಿದ್ದುದು ಅದರಿಂದಲೇ. ಹೊಸಿಲು ದಾಟಿದರೆ ಎಡಗಡೆ ಕೊಟ್ಟಿಗೆ, ಬಲಗಡೆ ನಡುಮನೆ. ಎರಡರ ನಡುವೆ ಸೊಂಟದೆತ್ತರದ ಒಂದು ಮಣ್ಣಿನ ಗೋಡೆ. ನಾವು ಉಣ್ಣಲು ಕುಳಿತಾಗ ಎಮ್ಮೆ ಆ ಗೋಡೆಯ ಮೇಲಿನಿಂದ ನಮ್ಮ ತಟ್ಟೆಗಳನ್ನು ನೋಡುತ್ತಿತ್ತು. ಅಡಿಗೆಮನೆ ಹಿಂದುಗಡೆ, ಕತ್ತಲೆಯಲ್ಲಿತ್ತು. ಹೆಂಚಿನ ಸಾಲಿನಲ್ಲಿ ಕೂರಿಸಿದ್ದ ಒಂದೇ ಒಂದು ಗಾಜಿನ ಬಿಲ್ಲೆಯಿಂದ ಅಲ್ಲಿಗೆ ಬೆಳಕು ಇಳಿಯುತ್ತಿತ್ತು. ಆ ಬೆಳಕು ಒರಳಿನಿಂದ ಜರುಗಿ ನೀರಿನ ಗುಡಾಣದ ಕಂಠಕ್ಕೆ ಬಂದೊಡನೆ ಅವ್ವ ಮುದ್ದೆಯ ಕೋಲನ್ನು ಕೆಳಗಿಟ್ಟು ನಮ್ಮನ್ನು ಎಬ್ಬಿಸುತ್ತಿದ್ದಳು.

"ಒತ್ತಾಯ್ತು ಕಣ್ರೇ, ಏಳ್ರಿ. ಓಗಾದು ಅಷ್ಟು ದೂರ."

ನಮ್ಮ ಮನೆಯ ಮಾತಿನಲ್ಲಿ ಹಕಾರವಿರಲಿಲ್ಲ. ಅದನ್ನು ನಾನು ಶಾಲೆಯಲ್ಲಿ ಕಲಿತೆ. ಕಲಿತ ಮೇಲೆ ಎಲ್ಲಿಯೂ ಬಿಡಲಿಲ್ಲ. ಊಟಕ್ಕೆ ಕುಳಿತಾಗಲೂ 'ಹುರುಳಿ ಸಾರು' ಎಂದು ಬಾಯಿ ತುಂಬ ಉಚ್ಚರಿಸುತ್ತಿದ್ದೆ. ಅದನ್ನು ಕೇಳಿ ನನ್ನ ಅಕ್ಕ ಜಯಮ್ಮ, ನಾನು ಜಯಕ್ಕ ಎನ್ನುತ್ತಿದ್ದವಳು, ನಗುತ್ತಿದ್ದಳು. "ನಮ್ ಸುಶೀಲಮ್ನೋರ್ಗೆ ಇನ್ನೊಂದ್ ಸೌಟು ಹುರುಳಿ ಸಾರು ಬಡಿಸವ್ವ" ಎಂದು ಅವಳೂ ಹಕಾರವನ್ನು ಎಳೆದು ಹೇಳುವಳು. ಅವಳು ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಮಾತು ತಪ್ಪಿದರೆ ಅವಳಿಗೆ ಅವಮಾನವಾಗುತ್ತಿರಲಿಲ್ಲ. ನನಗೆ ಆಗುತ್ತಿತ್ತು. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಇಷ್ಟೇ ಎಂದು ನಾನು ಬಹಳ ಕಾಲ ನಂಬಿದ್ದೆ.

ಬಾಗಲಗುಂಟೆ ಆಗ ಇನ್ನೂ ಊರಾಗಿತ್ತು. ಊರಿನ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತಿದ್ದುದರಿಂದ ಮುಂದೆ ಓದುವವರು ಜಾಲಹಳ್ಳಿಗೆ ಹೋಗಬೇಕಾಗಿತ್ತು. ಜಾಲಹಳ್ಳಿಗೂ ನಮಗೂ ನಡುವೆ ಒಂದು ದೊಡ್ಡ ಕಾರ್ಖಾನೆಯ ನೌಕರರ ಕ್ವಾರ್ಟರ್ಸ್ ಹಬ್ಬಿಕೊಂಡಿತ್ತು. ಅದನ್ನು ಬಳಸಿಕೊಂಡು ಹೋಗುವುದಾದರೆ ಮೊದಲು ಹೆಸರಘಟ್ಟ ರಸ್ತೆಯಲ್ಲಿ ಎಂಟನೆಯ ಮೈಲಿಗೆ ಬರಬೇಕು. ಅಲ್ಲಿಂದ ತುಮಕೂರು ರಸ್ತೆಯ ಅಂಚಿನಲ್ಲಿ ಲಾರಿಗಳಿಗೆ ಮೈಯೊಡ್ಡಿ ಜಾಲಹಳ್ಳಿ ಕ್ರಾಸಿನವರೆಗೆ ನಡೆಯಬೇಕು. ಕ್ರಾಸಿನಿಂದ ಮತ್ತೆ ಒಳಕ್ಕೆ ತಿರುಗಬೇಕು. ಒಟ್ಟು ಒಂದೂವರೆ ಗಂಟೆಯ ಹಾದಿ. ಆದರೆ ಕ್ವಾರ್ಟರ್ಸಿನ ಕಾಂಪೌಂಡಿಗೆ ನಮ್ಮೂರ ಕಡೆ ಒಂದು ಕಿರುಗೇಟು ಇತ್ತು. ಒಬ್ಬರು ಪಕ್ಕಕ್ಕೆ ತಿರುಗಿ ನುಸುಳುವಷ್ಟು ಅಗಲ. ಅದನ್ನು ಕಾಯುತ್ತಿದ್ದ ಹುಸೇನ್ ಸಾಬರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚಿಲಕ ತೆಗೆದು ಶಾಲೆಯ ಹುಡುಗಿಯರನ್ನು ಬಿಡುತ್ತಿದ್ದರು. ಒಳಗಿನಿಂದ ಹಾದರೆ ಶಾಲೆಗೆ ಅರ್ಧ ಗಂಟೆ. ನಮ್ಮೂರಿನಿಂದ ಹೀಗೆ ಹೋಗುತ್ತಿದ್ದವರು ನಾವಿಬ್ಬರೂ ಸೇರಿ ಐದು ಹುಡುಗಿಯರು.

ಆ ಅರ್ಧ ಗಂಟೆಯ ಬಗ್ಗೆ ನಾನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಡೆಯುವುದು ಸುಖವೂ ಆಗಿರಬಲ್ಲದು ಎಂದು ನಾನು ತಿಳಿದದ್ದು ಅಲ್ಲಿ. ನಮ್ಮೂರಿನಲ್ಲಿ ನಡೆಯುವುದೆಂದರೆ ಮುಳ್ಳು ನೋಡುವುದು, ಸಗಣಿ ನೋಡುವುದು, ಎದುರಿಗೆ ಬರುವ ಗಂಡಸರಿಗೆ ದಾರಿ ಬಿಟ್ಟು ನಿಲ್ಲುವುದು. ಕಿರುಗೇಟಿನ ಒಳಗೆ ರಸ್ತೆಯ ಎರಡೂ ಕಡೆ ಮಳೆಮರಗಳಿದ್ದವು. ಮರಗಳ ಕೆಳಗೆ, ರಸ್ತೆಗಿಂತ ಒಂದು ಗೇಣು ಎತ್ತರದಲ್ಲಿ, ನಡೆಯುವವರಿಗೆಂದೇ ಚಪ್ಪಡಿ ಹಾಸಿದ್ದರು. ನಡೆಯುವವರಿಗಾಗಿ ಯಾರೋ ಯೋಚನೆ ಮಾಡಿದ್ದಾರೆ ಎಂಬುದೇ ನನಗೆ ಆಶ್ಚರ್ಯವಾಗಿತ್ತು. ಮೂಲೆಗೊಂದು ನಲ್ಲಿ. ಮನೆಗಳ ಮುಂದೆ ಗುಲಾಬಿ. ಕ್ವಾರ್ಟರ್ಸಿನ ಹುಡುಗ ಹುಡುಗಿಯರು ಸಾಲಾಗಿ ಸೈಕಲ್ಲಿನ ಮೇಲೆ ಹೋಗುತ್ತಿದ್ದರು, ಒಬ್ಬರೊಡನೊಬ್ಬರು ಮಾತನಾಡುತ್ತ, ಒಂದು ಕೈ ಬಿಟ್ಟು. ಅಲ್ಲಿ ಯಾರೂ ಯಾರಿಗೂ ನಿಂತು ದಾರಿ ಬಿಡಬೇಕಾಗಿರಲಿಲ್ಲ. ಗೇಟು ದಾಟಿದ ಕೂಡಲೆ ಜಯಕ್ಕನ ಹೆಜ್ಜೆ ಉದ್ದವಾಗುತ್ತಿತ್ತು, ಕುತ್ತಿಗೆ ಮೇಲೇಳುತ್ತಿತ್ತು. ಅವಳ ಹಿಂದೆ ನಾನು ಓಡಬೇಕಾಗುತ್ತಿತ್ತು.

ಅವಳ ಓದೆಲ್ಲವೂ ಆ ದಾರಿಯಲ್ಲೇ ಆಗುತ್ತಿತ್ತು. ಮನೆಯಲ್ಲಿ ಅವಳಿಗೆ ಕುಳಿತು ಓದುವ ಹೊತ್ತಾಗಲೀ ಜಾಗವಾಗಲೀ ಇರಲಿಲ್ಲ. ಎಮ್ಮೆಯ ಕೆಲಸ ಅವಳದು, ನೀರು ತರುವುದು ಅವಳದು, ಅಜ್ಜಿಯ ತಲೆ ಬಾಚುವುದು ಅವಳದು. ಕಿರುಗೇಟಿನಿಂದ ಮೊದಲ ನಲ್ಲಿಯವರೆಗೆ ರೇಖಾಗಣಿತ, ಅಲ್ಲಿಂದ ಆಟದ ಮೈದಾನದವರೆಗೆ ಚರಿತ್ರೆ, ಮೈದಾನದಿಂದ ಮುಂದಕ್ಕೆ ಇಂಗ್ಲಿಷ್ ಪದ್ಯ. ಪುಸ್ತಕ ನನ್ನ ಕೈಯಲ್ಲಿ, ಪಾಠ ಅವಳ ಬಾಯಲ್ಲಿ. ತಪ್ಪಿದಲ್ಲಿ ನಾನು "ಊಹೂಂ" ಎನ್ನಬೇಕು. ನಾನು ಊಹೂಂ ಎಂದದ್ದು ಬಹಳ ಕಡಿಮೆ. ಹೀಗೆ ನಡೆದುಕೊಂಡೇ ಓದಿ ಅವಳು ಒಂಬತ್ತನೆಯ ತರಗತಿಗೆ ಮೊದಲಿಗಳಾಗಿ ಬಂದಿದ್ದಳು. ಹತ್ತನೆಯದು ಮುಗಿಸಿ ಉಪಾಧ್ಯಾಯಿನಿಯರ ತರಬೇತಿಗೆ ಸೇರಬೇಕೆಂಬುದು ಅವಳ ಆಸೆ. ಆಸೆ ಎಂಬ ಮಾತು ಸಾಲದು. ಅವಳು ಅದರ ಬಗ್ಗೆ ಆಗಲೇ ಆಗಿಹೋದ ಸಂಗತಿಯ ಹಾಗೆ ಮಾತನಾಡುತ್ತಿದ್ದಳು.

ಆ ವರ್ಷ ಅವಳು ಸೈಕಲ್ಲನ್ನೂ ಕಲಿತಳು. ಕ್ವಾರ್ಟರ್ಸಿನಲ್ಲಿದ್ದ ಅವಳ ಸಹಪಾಠಿ ನಳಿನಿ ತನ್ನ ಲೇಡೀಸ್ ಸೈಕಲ್ಲನ್ನು ಸಂಜೆಯ ಹೊತ್ತು ಕೊಡುತ್ತಿದ್ದಳು. ರಸ್ತೆ ಅಂಗೈಯಷ್ಟು ಸಮ. ಒಂದು ವಾರದಲ್ಲಿ ಜಯಕ್ಕ ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಲ್ಲಿಯಿಂದ ಮೈದಾನದವರೆಗೆ ಹೋಗಿ ಬಂದಳು. ಮನೆಯಲ್ಲಿ ಈ ಸುದ್ದಿಯನ್ನು ಬಿಚ್ಚಿದ ದಿನ ಅಡಿಗೆಮನೆಯಲ್ಲಿ ಜಗಳವಾಯಿತು.

"ಎಣ್ಣುಡ್ಗಿ ಸೈಕಲ್ ತುಳಿಯಾದು ಯಾವೂರಲ್ಲಿ ಕಂಡಿದೀಯೇ?" ಎಂದಳು ಅವ್ವ. "ಅಷ್ಟು ಸವಾರಿ ಮಾಡೋ ಆಸೆ ಇದ್ರೆ ಎಮ್ಮೆ ಮೇಲೆ ಕೂರುಸ್ತೀನಿ, ಓಗು."

"ಎಮ್ಮೆಗೆ ಬ್ರೇಕ್ ಇಲ್ವಲ್ಲವ್ವ" ಎಂದಳು ಜಯಕ್ಕ.

ಅಪ್ಪ ಮುದ್ದೆ ಮುರಿಯುತ್ತಿದ್ದವನು ನಕ್ಕುಬಿಟ್ಟ. ಯಶವಂತಪುರದ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ಅವನಿಗೆ ಕೆಲಸ. ಅವನ ತಲೆಗೂದಲಿನಲ್ಲಿ ಸದಾ ಮರದ ಹೊಟ್ಟು ಇರುತ್ತಿತ್ತು. "ಎಸ್ಸೆಸ್ಸೆಲ್ಸಿ ಆಗ್ಲಿ ಕಣೇ. ಟ್ರೈನಿಂಗ್‌ಗೆ ಸೇರ್ಲಿ. ಆವಾಗ ನಾನೇ ಒಂದು ಲೇಡೀಸ್ ಸೈಕಲ್ ತರ್ತೀನಿ" ಎಂದ. ಓದು ಬರಹ ತಿಳಿಯದ ಅಪ್ಪ ಕೊಟ್ಟ ಮಾತು ಬರೆದುಕೊಟ್ಟದ್ದಕ್ಕಿಂತ ಗಟ್ಟಿ ಎಂದು ನಮಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ನಾವು ಎಂದಿನಂತೆ ನಡೆಯುತ್ತಿದ್ದಾಗ ಗುಲಾಬಿಗೆ ನೀರು ಬಿಡುತ್ತಿದ್ದ ಒಬ್ಬ ಗೃಹಿಣಿ ನಮ್ಮನ್ನು ನಿಲ್ಲಿಸಿದರು. ಕೋಪದಿಂದಲ್ಲ, ತುಂಬ ಮರ್ಯಾದೆಯಿಂದಲೇ ಕೇಳಿದರು.

"ನೀವು ಇಲ್ಲಿಯವರಲ್ಲ ಅಲ್ವಾ? ಈ ಕಡೆಯಿಂದ ಓಡಾಡೋಕೆ ಪರ್ಮಿಷನ್ ಇದ್ಯಾ?"

"ಹುಸೇನ್ ಸಾಬ್ರು ಬಿಡ್ತಾರೆ ಆಂಟಿ" ಎಂದಳು ಜಯಕ್ಕ.

"ಓ ಸರಿ ಸರಿ" ಎಂದು ಅವರು ಮತ್ತೆ ಗಿಡದ ಕಡೆ ತಿರುಗಿದರು. ಅಷ್ಟೇ. ಮುಂದಿನ ಮರದ ಹೊತ್ತಿಗೆ ಜಯಕ್ಕ ಅದನ್ನು ಮರೆತು ತ್ರಿಭುಜಗಳಿಗೆ ಮರಳಿದ್ದಳು. ನಾನು ಮರೆಯಲಿಲ್ಲ. ಅಲ್ಲಿಯವರೆಗೆ ಆ ದಾರಿ ನಮ್ಮದಲ್ಲ ಎಂದು ನನಗೆ ತೋರಿಯೇ ಇರಲಿಲ್ಲ. ಆ ದಿನದಿಂದ ಪ್ರತಿ ಕಿಟಕಿಯ ಹಿಂದೆಯೂ ಯಾರೋ ನಮ್ಮನ್ನು ಅದೇ ಪ್ರಶ್ನೆ ಕೇಳುತ್ತಿದ್ದಾರೆ ಎನ್ನಿಸತೊಡಗಿತು. ನಮ್ಮ ಬಳಿ ಒಂದು ಕಾಗದವಿದ್ದರೆ ಯಾರೂ ಕೇಳುವಂತಿಲ್ಲ ಎಂದು ನನ್ನ ಏಳನೆಯ ತರಗತಿಯ ಬುದ್ಧಿಗೆ ಹೊಳೆಯಿತು. ಪತ್ರಲೇಖನದಲ್ಲಿ ನಾನು ತರಗತಿಗೆ ಮೊದಲಿಗಳು. ಕನ್ನಡ ಮೇಡಂ ನನ್ನ ಅರ್ಜಿಯನ್ನು ಎಲ್ಲರಿಗೂ ಓದಿ ಹೇಳಿದ್ದರು.

ಅರ್ಜಿಗೆ ಆಧಾರ ಬೇಕಾಗಿತ್ತು. ಅದನ್ನು ಅಜ್ಜಿ ಒದಗಿಸಿದಳು. ಕ್ವಾರ್ಟರ್ಸ್ ನಿಂತಿದ್ದುದು ಹಿಂದೆ ನಮ್ಮ ತಾತನ ಹೊಲವಿದ್ದ ಕಡೆ. ಅಜ್ಜಿ ಅಲ್ಲಿನ ರಸ್ತೆಗಳನ್ನು ಇನ್ನೂ ಹೊಲಗಳ ಹೆಸರಿನಿಂದಲೇ ಕರೆಯುತ್ತಿದ್ದಳು. ಮೈದಾನ ಅವಳಿಗೆ ಕಲ್ಲುಬಾವಿ ಹೊಲ, ನಳಿನಿಯ ಮನೆಯ ಸಾಲು ಹುಣಸೇಮರದ ಕೆಳಗಲ ಹೊಲ.

"ಆ ದಾರೀನೂ ನಮ್ದೇ ಕಣೇ" ಎಂದಳು ಒಂದು ಸಂಜೆ, ಅವರೆಕಾಯಿ ಬಿಡಿಸುತ್ತ. "ನಿಮ್ ತಾತ ಬಂಡಿ ಒಡೀತಿದ್ದ ದಾರಿ. ಯಾವನೂ ಅಡ್ಡ ಬಂದಿಲ್ಲ ಇವತ್ತಿನಗಂಟ."

ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯಲ್ಲಿ ತಾತನ ಕಾಲದ ಕೆಲವು ಕಾಗದಗಳಿದ್ದವು, ಹೊಲ ಹೋದಾಗ ಯಾರೋ ಬರೆದುಕೊಟ್ಟ ಹಳೆಯ ತಕರಾರು ಅರ್ಜಿಯ ಪ್ರತಿಯೂ ಇತ್ತು. ಅದರ ಭಾಷೆ ನನಗೆ ಬಹಳ ಗಂಭೀರವಾಗಿ ಕಂಡಿತು. ಅದರಿಂದ ವಾಕ್ಯಗಳನ್ನು ಆಯ್ದು, ಅಜ್ಜಿಯ ಮಾತನ್ನು ಅವುಗಳಲ್ಲಿ ಕೂರಿಸಿ, ನಾನು ಕರಡು ತಯಾರಿಸಿದೆ. ಕ್ವಾರ್ಟರ್ಸಿನ ಎಸ್ಟೇಟ್ ಆಫೀಸರಿಗೆ, ಅಪ್ಪನ ಹೆಸರಿನಲ್ಲಿ. ಮನೆಯಲ್ಲಿ ಹೇಳದೆ ಮಾಡಿ, ಅನುಮತಿಯ ಪತ್ರ ಬಂದ ದಿನ ಎಲ್ಲರಿಗೂ ತೋರಿಸಬೇಕೆಂಬ ಹೆಮ್ಮೆ ನನ್ನದು. ನನ್ನ ಅಕ್ಷರ ಕೋಳಿ ಕೆದಕಿದಂತೆ ಇರುತ್ತಿತ್ತು. ಆದ್ದರಿಂದ ಶುದ್ಧಪ್ರತಿ ಮಾಡಲು ಜಯಕ್ಕನನ್ನು ಒಪ್ಪಿಸಿದೆ. ಅವಳು ಹೊಸಿಲ ಮೇಲೆ ಕುಳಿತು ಬರೆಯುತ್ತ ಬಂದವಳು ಒಂದು ಕಡೆ ನಿಂತಳು. ಆ ಸಾಲು ನನಗೆ ಈಗಲೂ ಬಾಯಿಪಾಠವಿದೆ.

"ಸದರಿ ಕಾಲುದಾರಿಯು ನಮ್ಮ ಪೂರ್ವಿಕರ ಕಾಲದಿಂದಲೂ ನಮ್ಮ ಹಕ್ಕಿನ ದಾರಿಯಾಗಿದ್ದು, ಇದುವರೆಗೆ ಯಾರ ಅಡ್ಡಿಯೂ ಇಲ್ಲದೆ ನಾವು ಅದರಲ್ಲಿ ಓಡಾಡಿಕೊಂಡು ಬಂದಿರುತ್ತೇವೆ. ಆದಕಾರಣ ಸದರಿ ಹಕ್ಕನ್ನು ಲಿಖಿತವಾಗಿ ದೃಢಪಡಿಸಬೇಕಾಗಿ ಪ್ರಾರ್ಥನೆ."

"ಇದು ಬೇಕೇನೇ?" ಎಂದಳು ಜಯಕ್ಕ. "ದಯವಿಟ್ಟು ಬಿಡಿ ಸಾರ್ ಅಂತ ಬರುದ್ರೆ ಸಾಕಲ್ವಾ?"

"ಹಾಗೆ ಬರೆದರೆ ಭಿಕ್ಷೆ ಕೇಳಿದ ಹಾಗಾಗುತ್ತೆ. ಅರ್ಜಿಗೆ ಆಧಾರ ಇರಬೇಕು" ಎಂದೆ.

"ಸರಿ ಬಿಡಮ್ಮ, ನಿಂಗೇ ಗೊತ್ತು ಅದೆಲ್ಲ" ಎಂದು ಅವಳು ತನ್ನ ದುಂಡಗಿನ ಅಕ್ಷರದಲ್ಲಿ ಆ ಸಾಲನ್ನು ಬರೆದಳು. ಕೆಳಗೆ ಅಪ್ಪನ ಹೆಸರನ್ನೂ, ಮುನಿವೆಂಕಟಪ್ಪ ಎಂದು, ಅವಳೇ ಬರೆದಳು. ಮರುದಿನ ಶಾಲೆಗೆ ಹೋಗುವಾಗ ನಾನು ಅದನ್ನು ಅಂಚೆಗೆ ಹಾಕಿದೆ.

ಪದವಿ ಮುಗಿಸಿ ಒಂದು ಕಚೇರಿಯಲ್ಲಿ ಜಮೀನಿನ ಕಡತಗಳನ್ನು ನೋಡುವ ಕೆಲಸಕ್ಕೆ ಸೇರಿದ ಮೇಲೆ ನನಗೆ ಅರ್ಥವಾಯಿತು: ದಯೆಯಿಂದ ಬಿಟ್ಟ ದಾರಿಯನ್ನು ಹಕ್ಕು ಎಂದು ಬರೆದುಕೊಟ್ಟರೆ, ಆ ಜಾಗಕ್ಕೆ ಜವಾಬ್ದಾರನಾದವನು ದಾರಿಯನ್ನು ಮುಚ್ಚಲೇಬೇಕಾಗುತ್ತದೆ. ಸುಮ್ಮನಿದ್ದರೆ ಒಪ್ಪಿಕೊಂಡಂತೆ. ಆ ಅಧಿಕಾರಿ ಕೆಟ್ಟವರಾಗಿರಲಿಲ್ಲ ಎಂದೇ ಈಗ ನನಗೆ ತೋರುತ್ತದೆ. ನನ್ನ ಮೇಜಿನ ಮೇಲೆ ಅಂಥ ಅರ್ಜಿ ಬಂದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಉತ್ತರ ಅಂಚೆಯಲ್ಲಿ ಬಂತು, ಇಂಗ್ಲಿಷಿನಲ್ಲಿ, ಟೈಪು ಮಾಡಿದ್ದು: ಅಂಥ ಯಾವ ಹಕ್ಕೂ ಇಲ್ಲ ಎಂದು. ಅದು ಬರುವ ಮೊದಲೇ ಗೇಟು ಮುಚ್ಚಿತ್ತು. ಸೋಮವಾರ ಬೆಳಿಗ್ಗೆ ನಾವು ಐವರೂ ಹೋದಾಗ ಚಿಲಕದ ಜಾಗದಲ್ಲಿ ಕಬ್ಬಿಣದ ಪಟ್ಟಿಯನ್ನು ಬೆಸುಗೆ ಹಾಕಿದ್ದರು. ಬೆಸುಗೆಯ ಸುತ್ತಲಿನ ಬಣ್ಣ ಸುಟ್ಟು ಕಪ್ಪಾಗಿತ್ತು. ಹುಸೇನ್ ಸಾಬರು ಇರಲಿಲ್ಲ. ಎರಡು ದಿನಗಳ ನಂತರ ಅವರು ಅಪ್ಪನನ್ನು ಎಂಟನೆಯ ಮೈಲಿಯಲ್ಲಿ ತಡೆದು ನಿಲ್ಲಿಸಿದರಂತೆ. ಅವರನ್ನು ಉಗ್ರಾಣದ ಕಡೆ ಹಾಕಿದ್ದರು. ಅವರು ಕೇಳಿದ ಮಾತನ್ನು ಅಪ್ಪ ಮನೆಗೆ ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸುವುದನ್ನೂ ಮರೆತು, ನಿಂತೇ ಹೇಳಿದ.

"'ಕಾಗಜ್ ಯಾಕೆ ಕೊಟ್ರಿ ಮುನಿವೆಂಕಟಪ್ಪಾ, ನಾನ್ ಇದ್ನಲ್ಲಾ' ಅಂದ್ರು. ಯಾವ್ ಕಾಗ್ದ? ಯಾರ್ ಕೊಟ್ಟಿದ್ದು?"

ಅಡಿಗೆಮನೆಯಿಂದ ಅವ್ವ ಬಂದಳು. ಅಜ್ಜಿ ಹುರುಳಿ ಕೇರುವುದನ್ನು ನಿಲ್ಲಿಸಿದಳು. ನಾನು ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಎಮ್ಮೆಯ ಉಸಿರು ನನ್ನ ಕೈಗೆ ತಾಗುತ್ತಿತ್ತು. ಹೇಳಬೇಕಾದ ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿತ್ತು, ಕರ್ತೃ ಕರ್ಮ ಕ್ರಿಯಾಪದ ಎಲ್ಲವೂ ಸರಿಯಾಗಿ. ಅದು ಹೊರಗೆ ಬರಲಿಲ್ಲ.

"ಅಕ್ಸರ ನಂದಪ್ಪ" ಎಂದಳು ಜಯಕ್ಕ.

ಅದು ಸುಳ್ಳಲ್ಲ. ಮುಂದಿನ ಮಾತನ್ನು ನಾನು ಹೇಳುತ್ತೇನೆಂದು ಅವಳು ಕಾದಳು. ನನ್ನ ಕಡೆ ನೋಡಲಿಲ್ಲ, ಆದರೆ ಕಾದಳು. ಅದು ನನಗೆ ಗೊತ್ತಾಗುವಷ್ಟು ಹೊತ್ತು ಕಾದಳು. ಅಪ್ಪ ಅವಳಿಗೆ ಹೊಡೆಯಲಿಲ್ಲ. "ನನ್ನೊಂದ್ ಮಾತು ಕೇಳ್ಬಾರ್ದಿತ್ತೇನವ್ವ" ಎಂದಷ್ಟೇ ಹೇಳಿ ಕುಳಿತುಬಿಟ್ಟ.

ಮಾರನೆಯ ಸಂಜೆ ಉಳಿದ ಮೂವರು ಹುಡುಗಿಯರ ತಂದೆಯಂದಿರು ನಮ್ಮ ಬಾಗಿಲಿಗೆ ಬಂದರು. ಕಾಗದದ ಸುದ್ದಿ ಅಷ್ಟರಲ್ಲಿ ಊರಿಗೆ ತಲುಪಿತ್ತು. ಅವರಲ್ಲೊಬ್ಬ, ಅಪ್ಪನ ಜೊತೆ ಬೆಳೆದವನು, ಹೊಸಿಲಿನ ಆಚೆಯೇ ನಿಂತು ಕೇಳಿದ.

"ಕೋರ್ಟು ಕಛೇರಿ ಮಾಡಕ್ಕೆ ಒಂಟಿದ್ದೀಯಂತಲ್ಲಪ್ಪ. ತಾತನ ಒಲ ವಾಪಸ್ ಬಂತಾ?"

"ಯಾರ್ ಬರ್ಸಿದ್ದು ಅದುನ್ನ?" ಎಂದ ಇನ್ನೊಬ್ಬ.

"ನಾನೇ ಬರ್ಸಿದ್ದು" ಎಂದ ಅಪ್ಪ.

ಅವರು ಹೋದರು. ಆ ಮೂವರು ಹುಡುಗಿಯರ ಶಾಲೆ ಆ ವಾರವೇ ನಿಂತುಹೋಯಿತು. ಹೆದ್ದಾರಿಯ ಅಂಚಿನಲ್ಲಿ ವಯಸ್ಸಿನ ಹುಡುಗಿಯರನ್ನು ನಡೆಸುವುದಕ್ಕೆ ಊರಿನಲ್ಲಿ ಯಾರೂ ಸಿದ್ಧರಿರಲಿಲ್ಲ. ಅದೇ ಹುಡುಗಿಯರನ್ನು ಮರಗಳ ಕೆಳಗೆ ಚಪ್ಪಡಿಯ ಮೇಲೆ ನಡೆಸಲು ಅದೇ ತಂದೆಯಂದಿರಿಗೆ ಯಾವ ಅಂಜಿಕೆಯೂ ಇರಲಿಲ್ಲ. ಊರಿನ ಮನಸ್ಸು ಬದಲಾಗಿರಲಿಲ್ಲ, ಹುಡುಗಿಯರು ಬದಲಾಗಿರಲಿಲ್ಲ; ಬದಲಾದದ್ದು ಕಾಲ ಕೆಳಗಿನ ದಾರಿ ಮಾತ್ರ. ಬಸ್ಸುಗಳು ಎಂಟನೆಯ ಮೈಲಿಗೆ ಬರುವಾಗಲೇ ಬಾಗಿಲಿಗೆ ಜನ ಜೋತಾಡುತ್ತಿದ್ದರು. ಎಂಟನೆಯ ಮೈಲಿಯಿಂದ ಕ್ರಾಸಿನವರೆಗೆ ರಸ್ತೆಯಂಚಿನಲ್ಲಿ ಒಂದಾಳು ಅಗಲದ ಜಲ್ಲಿ ಮಣ್ಣು; ಅದರ ಪಕ್ಕದಲ್ಲಿ ಮೋರಿ.

ನಮ್ಮ ಮನೆಯಲ್ಲಿ ಮಾತ್ರ ಒಂದು ದಾರಿಯಿತ್ತು. ಅಪ್ಪ ಮಿಲ್ಲಿಗೆ ಹೋಗುವುದು ತುಮಕೂರು ರಸ್ತೆಯ ಮೇಲೆಯೇ; ಕ್ಯಾರಿಯರ್ ಮೇಲೆ ಒಬ್ಬರನ್ನು ಕೂರಿಸಿಕೊಂಡು ಕ್ರಾಸಿನಲ್ಲಿ ಇಳಿಸಬಹುದು. ಒಬ್ಬರನ್ನು. ಅದು ಯಾರೆಂಬ ಮಾತು ಎರಡು ದಿನ ಅಡಿಗೆಮನೆಯಲ್ಲೇ ಹೊಗೆಯಾಡಿತು. ಜಯಕ್ಕ ಹತ್ತನೆಯ ತರಗತಿಗೆ ಹತ್ತಿರವಿದ್ದವಳು, ಅವಳದು ಮೊದಲು ಮುಗಿಯಲಿ ಎಂದು ಅಪ್ಪ ಹೇಳಿದ. ಅಜ್ಜಿ, ದೊಡ್ಡವಳಾದ ಹುಡುಗಿ ಸೈಕಲ್ಲಿನ ಹಿಂದೆ ಕಾಲು ಇಳಿಬಿಟ್ಟುಕೊಂಡು ಲಾರಿಯವರ ಮುಂದೆ ಹೋಗುವುದೇ ಎಂದಳು. ಕೊನೆಗೆ ಅವ್ವ ಮುದ್ದೆಯ ಕೋಲನ್ನು ಮಡಕೆಯ ಅಂಚಿಗೆ ಬಡಿದಳು.

"ಕಾಗ್ದ ಬರ್ದೋಳು ನಡ್ಕೊಂಡೇ ಓಗ್ಲಿ. ಆ ಚಿಕ್ಕುಡ್ಗಿ ಏನ್ ಮಾಡಿತ್ತು? ಅದುನ್ನ ಕೂರ್ಸ್ಕೊಂಡೋಗಿ."

ನಾನು ತಟ್ಟೆಯಲ್ಲಿದ್ದ ಮುದ್ದೆಯನ್ನು ನುಂಗಿದೆ. ಹುರುಳಿ ಸಾರಿಗೆ ಉಪ್ಪು ಹೆಚ್ಚಾಗಿತ್ತೆಂಬುದು ನೆನಪಿದೆ.

ಜಯಕ್ಕ ಹನ್ನೊಂದು ದಿನ ನಡೆದಳು. ನಮಗಿಂತ ಮುಕ್ಕಾಲು ಗಂಟೆ ಮೊದಲು, ಗಾಜಿನ ಬಿಲ್ಲೆಯಲ್ಲಿ ಬೆಳಕು ಮೂಡುವ ಮುಂಚೆ, ಎಮ್ಮೆಯ ಕೆಲಸ ಮುಗಿಸಿ ಹೊರಡುತ್ತಿದ್ದಳು. ಎಂಟನೆಯ ಮೈಲಿ ದಾಟಿ ಸ್ವಲ್ಪ ಮುಂದೆ ನಾವು ದಿನವೂ ಅವಳನ್ನು ಹಿಂದೆ ಹಾಕುತ್ತಿದ್ದೆವು. ಮೊದಲು ಅವಳ ಎರಡು ಜಡೆ ಕಾಣುತ್ತಿತ್ತು, ಆಮೇಲೆ ಎದೆಗೆ ಒತ್ತಿಹಿಡಿದ ಪುಸ್ತಕಗಳ ಅಂಚು. ಅಪ್ಪ ದೂರದಿಂದಲೇ ಬೆಲ್ಲು ಬಾರಿಸುತ್ತಿದ್ದ. ಅವಳು ಮೋರಿಯ ಕಡೆಗೆ ಸರಿದು ನಿಲ್ಲುತ್ತಿದ್ದಳು. ಅವಳ ತುಟಿಗಳು ಅಲುಗಾಡುತ್ತಿರಲಿಲ್ಲ. ಲಾರಿಗಳ ಸದ್ದಿನಲ್ಲಿ, ಹಿಂದೆ ಮುಂದೆ ನೋಡಿಕೊಂಡು ನಡೆಯುವವರು ಯಾವ ಪಾಠವನ್ನೂ ಒಪ್ಪಿಸಲಾರರು. ದಾಟುವಾಗ ಅಪ್ಪ "ಉಷಾರು ಮಗ" ಎನ್ನುವನು. ನಾನು ಕ್ಯಾರಿಯರ್ ಮೇಲೆ ಎದುರು ದಿಕ್ಕಿಗೆ ಮುಖ ತಿರುಗಿಸುತ್ತಿದ್ದೆ.

ಹನ್ನೊಂದನೆಯ ಸಂಜೆ ಅವಳು ಬಂದಾಗ ಲಂಗದ ಒಂದು ಬದಿ ಸೊಂಟದವರೆಗೆ ಕೆಸರಾಗಿತ್ತು, ಒಂದು ಚಪ್ಪಲಿ ಇರಲಿಲ್ಲ. ಲಾರಿಗೆ ಹೆದರಿ ಮೋರಿಗೆ ಇಳಿದೆ ಎಂದಳು. ಲಾರಿಯೊಳಗಿನವರು ಏನಾದರೂ ಅಂದರೇ ಎಂದು ಅವ್ವ ಕೇಳಿದಳು. ಜಯಕ್ಕ ಉಳಿದ ಒಂದು ಚಪ್ಪಲಿಯನ್ನು ಕಳಚಿ ಗೋಡೆಯ ಪಕ್ಕಕ್ಕಿಟ್ಟಳು. ಅಜ್ಜಿ ತಾನೇ ಎದ್ದು ಅವಳ ಕಾಲಿಗೆ ನೀರು ಹಾಕಿದಳು. ಮರುದಿನ ಬೆಳಿಗ್ಗೆ ಅವ್ವ ಅವಳನ್ನು ಎಬ್ಬಿಸಲಿಲ್ಲ. ಅವಳೇ ಎದ್ದು ಜಡೆ ಹೆಣೆದುಕೊಂಡು ಬಾಗಿಲ ಬಳಿ ಬಂದಳು. ಅವ್ವ ಹೊಸಿಲ ಮೇಲೆ ಕುಳಿತಿದ್ದಳು, ಬಾಗಿಲಿನ ಅಗಲಕ್ಕೂ.

"ಸಾಕು ಕಣವ್ವ" ಎಂದಳು ಅವ್ವ. "ನನ್ ಕೈಲಾಗಲ್ಲ, ದಿನಾ ನೀನ್ ಬರಗಂಟ ಜೀವ ಇಡ್ಕೊಂಡು ಕೂರಕ್ಕೆ."

ಜಯಕ್ಕ ಅಪ್ಪನನ್ನು ನೋಡಿದಳು. ಅಪ್ಪ ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ಸಾಕಷ್ಟು ಗಾಳಿಯಿದ್ದ ಚಕ್ರಕ್ಕೆ ಅವನು ಇನ್ನೂ ಹೊಡೆಯುತ್ತಲೇ ಇದ್ದ.

ನಾನು ಮೂರು ವರ್ಷ ಆ ಕ್ಯಾರಿಯರ್ ಮೇಲೆ ಹೋದೆ. ನನ್ನ ಎಸ್ಸೆಸ್ಸೆಲ್ಸಿ ಅಪ್ಪನ ಕಾಲುಗಳಿಂದ ಆಯಿತು ಎಂದು ಹೇಳಿದರೆ ಅದು ಅಲಂಕಾರವಲ್ಲ. ಮುಂದೆ ಕಾಲೇಜಿಗೆ ಬಸ್ಸಿನಲ್ಲಿ ಹೋದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳಾದೆ. ಅಪ್ಪ ಆ ದಿನ ಮಿಲ್ಲಿನಲ್ಲಿ ಬೆಲ್ಲ ಹಂಚಿದ. ಜಯಕ್ಕನನ್ನು ಅಷ್ಟು ಹೊತ್ತಿಗೆ ಚಿಕ್ಕಜಾಲಕ್ಕೆ ಕೊಟ್ಟಿದ್ದರು. ಅಪ್ಪ ತೀರಿಕೊಳ್ಳುವವರೆಗೂ ಆ ಕಾಗದವನ್ನು ಬರೆದವಳು ತನ್ನ ದೊಡ್ಡ ಮಗಳೆಂದೇ ತಿಳಿದಿದ್ದ. ನಾನು ಹಾಗೆ ತಿಳಿಯಲು ಬಿಟ್ಟೆ. ಹೇಳಲು ಅವಕಾಶ ಸಿಗಲಿಲ್ಲ ಎಂದು ಬರೆಯುವಂತಿಲ್ಲ. ಮೂರು ವರ್ಷ, ಪ್ರತಿ ಬೆಳಿಗ್ಗೆ, ಅವನ ಬೆನ್ನು ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು.

ಜಯಕ್ಕನ ಮಗಳು ಮಂಜುಳ ಹೈಸ್ಕೂಲಿಗೆ ಸೇರಿದ ವರ್ಷ ನಾನು ಚಿಕ್ಕಜಾಲಕ್ಕೆ ಹೋಗಿದ್ದೆ. ಅಲ್ಲಿಯೂ ಶಾಲೆ ಹೆದ್ದಾರಿಯ ಮೇಲೆ ದೂರದಲ್ಲಿತ್ತು. ಜಯಕ್ಕ ಮಗಳನ್ನು ಬೆಳಿಗ್ಗೆ ನಡೆಸಿಕೊಂಡು ಹೋಗಿ ಬಿಟ್ಟು ನಡೆದು ಬರುತ್ತಿದ್ದಳು. ಸಂಜೆ ಮತ್ತೆ ನಡೆದುಹೋಗಿ ಕರೆತರುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಅದೇ ರಸ್ತೆ. ಊರಿನ ಬಾಗಿಲಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ.

"ಬಸ್ಸು ನಿಲ್ಲಿಸುವ ಹಾಗೆ ಒಂದು ಅರ್ಜಿ ಬರೆದುಕೊಡಲೇ ಅಕ್ಕ? ಈಗ ನನಗೆ ಬರೆಯುವುದು ಗೊತ್ತಿದೆ" ಎಂದೆ.

"ಬ್ಯಾಡ ಕಣೇ" ಎಂದಳು, ಮಗಳ ಬುತ್ತಿಗೆ ಮುಚ್ಚಳ ಹಾಕುತ್ತ. ಅವಳ ದನಿಯಲ್ಲಿ ಚುಚ್ಚುಮಾತೇನೂ ಇರಲಿಲ್ಲ. "ನಾನೇ ನಡೀತೀನಲ್ಲ."

ಆ ಬೆಳಿಗ್ಗೆ ನಾನೂ ಅವರ ಜೊತೆ ಹೊರಟೆ. ಮಂಜುಳ ಅಮ್ಮನ ಒಳಬದಿಗೆ ನಡೆಯುತ್ತಿದ್ದಳು, ಲಾರಿಗಳ ಕಡೆಗೆ ಜಯಕ್ಕ. ಸ್ವಲ್ಪ ದೂರ ಹೋದ ಮೇಲೆ ಹುಡುಗಿ ಹಿಂದಿರುಗಿ ನನ್ನನ್ನು ಕೇಳಿದಳು.

"ಚಿಕ್ಕಮ್ಮ, ನೀವು ಸ್ಕೂಲಿಗೆ ಹೆಂಗೆ ಹೋಗ್ತಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಜಯಕ್ಕ ಹೇಳಿದಳು. "ಅವ್ಳು ನಿಮ್ ತಾತನ ಸೈಕಲ್ ಮೇಲೆ ಓಗ್ತಿದ್ಲು."

"ನೀನು?"

"ನಾನು ನಡ್ಕೊಂಡು. ಆಮೇಲೆ ಓಗ್ಲಿಲ್ಲ."

"ಯಾಕಮ್ಮ?"

"ದಾರಿ ಮುಚ್ಚಿದ್ರು."

"ಯಾಕೆ ಮುಚ್ಚಿದ್ರು?"

ಜಯಕ್ಕ ಒಮ್ಮೆ ಹಿಂದಿರುಗಿ ನನ್ನನ್ನು ನೋಡಿದಳು. ಅಂದು ಅಪ್ಪನ ಮುಂದೆ ಅವಳು ಕಾದಷ್ಟೇ ಹೊತ್ತು ನೋಡಿದಳು. ನಾನು ಹೇಳುವವಳಿದ್ದೆ, ಒಂದು ಲಾರಿ ಬಂತು, ಅದರ ಸದ್ದು ಮುಗಿಯಲಿ ಎಂದು ನಿಂತೆ, ಅದರ ಹಿಂದೆಯೇ ಇನ್ನೊಂದು ಬಂತು.

"ಗೊತ್ತಿಲ್ಲ ಕಣವ್ವ" ಎಂದಳು ಜಯಕ್ಕ ಮಗಳಿಗೆ, ಅವಳ ಮೊಣಕೈ ಹಿಡಿದು ಒಳಕ್ಕೆ ಸರಿಸುತ್ತ. "ಬೇಗ ನಡಿ, ಬೆಲ್ ಒಡೀತಾರೆ."

ಇಬ್ಬರೂ ಹೆಜ್ಜೆ ಚುರುಕು ಮಾಡಿದರು. ಮೂವರು ಜೊತೆಯಾಗಿ ನಡೆಯುವಷ್ಟು ಅಗಲ ಆ ಅಂಚಿಗೆ ಇರಲಿಲ್ಲ. ನಾನು ಹಿಂದೆ ನಡೆದೆ.